ಹಿಂದಿನ ಚಕ್ರ ಜಾಮ್: ಡ್ರಮ್ ಬಿಚ್ಚುವ ಮೊದಲು ನಿಪ್ಪಲ್ ಬಿಚ್ಚಿ

ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಮಂಗಳೂರು, ಉಡುಪಿ ಕಡೆಯ ಗ್ಯಾರೇಜುಗಳಿಗೆ ಒಂದೇ ದೂರಿನ ಕಾರುಗಳು ಬರತೊಡಗುತ್ತವೆ: ಹಿಂದಿನ ಚಕ್ರ ಹಿಡಿದುಕೊಂಡಿದೆ. ಮಾರುತಿ 800, ಓಮ್ನಿ, ಹಳೆಯ ಝೆನ್, ಸ್ಯಾಂಟ್ರೋ, ಅಂಗಳದಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಅಂಬಾಸಿಡರ್. ಹೆಚ್ಚಿನ ಕಡೆ ಸಿಗುವ ಮದ್ದೂ ಒಂದೇ. ಚಕ್ರದೊಂದಿಗೆ ತಿರುಗುವ ಡ್ರಮ್ ಬಿಚ್ಚಿ, ಗಾಳಿ ಹೊಡೆದು, ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಶೂವಿಗೆ ಸ್ಯಾಂಡ್ ಪೇಪರ್ ಉಜ್ಜಿ, ಎರಡರ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರನ್ನು ನಾಲ್ಕು ಹಲ್ಲು ಲೂಸ್ ಮಾಡಿ ಕಳುಹಿಸುವುದು. ಚಕ್ರ ಸಲೀಸಾಗಿ ತಿರುಗುತ್ತದೆ, ಗಿರಾಕಿಗೆ ಸಮಾಧಾನ. ಹದಿನೈದು ದಿನ ಕಳೆದರೆ ಪೆಡಲ್ ಕೆಳಗೆ ಹೋಗಿರುತ್ತದೆ, ಚಕ್ರವೂ ಮತ್ತೆ ಹಿಡಿದಿರುತ್ತದೆ. ಅಡ್ಜಸ್ಟರ್ ಲೂಸ್ ಮಾಡಿದ್ದರಿಂದ ಬ್ರೇಕ್ ಕಡಿಮೆಯಾಯಿತೇ ವಿನಾ ಹಿಡಿಯುವುದಕ್ಕೆ ಕಾರಣವಾದದ್ದು ಇದ್ದಲ್ಲೇ ಇತ್ತು.

ಮೊದಲು ದೂರನ್ನು ಸರಿಯಾಗಿ ಬಿಡಿಸಿಕೊಳ್ಳಬೇಕು. ಪೆಡಲ್‌ನಿಂದ ಕಾಲು ತೆಗೆದ ಮೇಲೂ ಶೂ ಡ್ರಮ್ಮಿಗೆ ಉಜ್ಜುತ್ತಿದ್ದರೆ ಅದು ಒಂದು ಬಗೆ. ಕಾರು ನ್ಯೂಟ್ರಲ್‌ನಲ್ಲಿ ಉರುಳುವುದಿಲ್ಲ, ಮೈಲೇಜ್ ಬೀಳುತ್ತದೆ, ಡ್ರಮ್ ಸುಡುತ್ತದೆ. ಪೆಡಲ್ ಮೆಲ್ಲಗೆ ಮುಟ್ಟಿದರೂ ಹಿಂದಿನ ಚಕ್ರ ಗಕ್ಕನೆ ಲಾಕ್ ಆಗಿ ಟಯರ್ ಕಿರುಚಿದರೆ ಅದು ಇನ್ನೊಂದು ಬಗೆ. ಎರಡಕ್ಕೂ ಜನ ಹೇಳುವುದು ಜಾಮ್ ಎಂದೇ, ಆದರೆ ಕಾರಣಗಳು ಬೇರೆ.

ಯಾವ ಚಕ್ರ ಹಿಡಿಯುತ್ತಿದೆ ಎಂದು ತಿಳಿಯಲು ಹೆದ್ದಾರಿಯಲ್ಲಿ, ಸುರತ್ಕಲ್‌ನಿಂದ ಪಡುಬಿದ್ರಿ ಕಡೆಗೆ ಎಂದಿಟ್ಟುಕೊಳ್ಳಿ, ಹತ್ತು ಹನ್ನೆರಡು ಕಿಲೋಮೀಟರ್ ಆದಷ್ಟು ಬ್ರೇಕ್ ಒತ್ತದೆ ಓಡಿಸಿ, ಕೊನೆಗೆ ತಾನಾಗಿಯೇ ನಿಲ್ಲಲು ಬಿಡಿ. ಡ್ರಮ್ಮಿಗೆ ಕೈ ಮುಟ್ಟಿಸಬೇಡಿ, ಚರ್ಮ ಸುಲಿದು ಬರುತ್ತದೆ. ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು. ಒಂದು ಡ್ರಮ್ಮಿನಲ್ಲಿ ಚುಂಯ್ ಎಂದು ಆವಿಯಾಗಿ ಇನ್ನೊಂದರಲ್ಲಿ ಹಾಗೇ ಇಳಿದು ಹೋದರೆ ಉತ್ತರ ಸಿಕ್ಕಿತು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಎಷ್ಟು ಡಿಗ್ರಿ ಎನ್ನುವುದಕ್ಕಿಂತ ಎಡ ಬಲದ ನಡುವೆ ಎಷ್ಟು ವ್ಯತ್ಯಾಸ ಎನ್ನುವುದನ್ನು ನೋಡಿ.

ಇನ್ನು ಜ್ಯಾಕ್ ಹಾಕುವ ವಿಷಯ. ಹಿಂದಿನ ಚಕ್ರ ಎತ್ತುವಾಗ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕಾದ್ದರಿಂದ ಮುಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಅಡ್ಡ ಕೊಡಿ. ಕಾರಿನ ಭಾರ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಬೇಕು. ನಮ್ಮ ಕಡೆ ಅಂಗಳದಲ್ಲಿ ಕೈಗೆ ಸಿಗುವ ಮುರಕಲ್ಲನ್ನೇ (ಜಂಬಿಟ್ಟಿಗೆ ಕಲ್ಲು) ಕಾರಿನಡಿಗೆ ಇಡುವ ಅಭ್ಯಾಸ ಉಂಟು. ಚಕ್ರಕ್ಕೆ ಅಡ್ಡ ಕೊಡಲು ಅದು ಆದೀತು, ಕಾರು ಹೊರಲು ಬೇಡವೇ ಬೇಡ. ಮಳೆ ಕುಡಿದ ಮುರಕಲ್ಲು ಭಾರ ಒಂದೇ ಮೂಲೆಗೆ ಬಿದ್ದರೆ ಸದ್ದಿಲ್ಲದೆ ಪುಡಿಯಾಗುತ್ತದೆ.

ಚಕ್ರ ಹಿಡಿದ ಸ್ಥಿತಿಯಲ್ಲಿರುವಾಗಲೇ, ತಣಿದು ಬಿಟ್ಟುಕೊಳ್ಳುವ ಮೊದಲೇ, ಶೂಗಳು ಕೂರುವ ತಗಡಾದ ಬ್ಯಾಕ್ ಪ್ಲೇಟಿನ ಹಿಂದಿರುವ, ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ತುದಿಯನ್ನು ಬಾಟಲಿಯಲ್ಲಿಟ್ಟು, ಅರ್ಧ ಸುತ್ತು ಸಡಿಲಿಸಿ. ಆಯಿಲ್ ಬಿಸಿಯಾಗಿರುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಆಯಿಲ್ ಚಿಮ್ಮಿ ಚಕ್ರ ಒಮ್ಮೆಲೇ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಬಿದ್ದಿತ್ತು ಎಂದರ್ಥ. ಆಗ ಹುಡುಕಬೇಕಾದ್ದು ಆಯಿಲ್ ಒಯ್ಯುವ ರಬ್ಬರ್ ಹೋಸ್, ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್, ಅದರ ಪಿಸ್ಟನ್ ತಳ್ಳುವ ಪುಶ್‌ರಾಡ್. ನಿಪ್ಪಲ್ ಬಿಚ್ಚಿದರೂ ಚಕ್ರ ಜಗ್ಗದಿದ್ದರೆ ತೊಂದರೆ ಹ್ಯಾಂಡ್‌ಬ್ರೇಕ್ ಕೇಬಲ್, ಸ್ಪ್ರಿಂಗ್, ಶೂ, ಅಡ್ಜಸ್ಟರ್ ಅಥವಾ ಶೂಗಳನ್ನು ಹೊರಕ್ಕೆ ತಳ್ಳುವ, ಜಾಮ್ ಆದ ವ್ಹೀಲ್ ಸಿಲಿಂಡರ್ ಪಿಸ್ಟನ್‌ನಲ್ಲಿ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಡ್ರಮ್ ಬಿಚ್ಚುವುದು ಜ್ವರ ನೋಡದೆ ಮಾತ್ರೆ ನುಂಗಿಸಿದ ಹಾಗೆ. ಒಂದು ಮಾತು: ನಾಲ್ಕೂ ಚಕ್ರಕ್ಕೆ ಡ್ರಮ್ ಇದ್ದ ಕಾಲದ ಕೆಲವು ಕಾರುಗಳ ಮಾಸ್ಟರ್ ಸಿಲಿಂಡರಿನಲ್ಲಿ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅಂಥವುಗಳಲ್ಲಿ ಒಂದು ಸಣ್ಣ ಚಿಮ್ಮು ಸಹಜ, ಚಕ್ರ ಬಿಟ್ಟುಕೊಂಡಿತೇ ಎಂಬುದನ್ನಷ್ಟೇ ಗಮನಿಸಿ.

ಕರಾವಳಿಯ ಹಳೆಯ ಕಾರಿನಲ್ಲಿ ನಿಪ್ಪಲ್ ತುಕ್ಕು ಹಿಡಿದು ಕೂತಿರುವುದು ಮಾಮೂಲು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿಡಿ. ತೆರೆದ ಬಾಯಿಯ ಸ್ಪ್ಯಾನರ್ ಬೇಡ, ಆರು ಮೂಲೆಯ ರಿಂಗ್ ಅಥವಾ ಬಾಕ್ಸ್ ಸ್ಪ್ಯಾನರ್ ಹಾಕಿ, ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬಿಡಿಸಿ. ಮುರಿದರೆ ಹೊಸ ವ್ಹೀಲ್ ಸಿಲಿಂಡರೇ ಗತಿ. ಹಾಗಾಗಿ ಅಂಗಡಿ ಮುಚ್ಚುವ ಭಾನುವಾರ ಸಂಜೆ ಈ ಕೆಲಸಕ್ಕೆ ಕೈ ಹಾಕದಿರುವುದು ಜಾಣತನ.

ಒತ್ತಡ ಸಿಕ್ಕಿಬಿದ್ದದ್ದು ಖಚಿತವಾದರೆ ನಿಪ್ಪಲ್‌ನಿಂದ ಹಿಂದಕ್ಕೆ, ಮಾಸ್ಟರ್ ಕಡೆಗೆ ನಡೆಯುತ್ತಾ ಹೋಗಿ. ಮತ್ತೆ ಪೆಡಲ್ ಒತ್ತಿ ಬಿಟ್ಟು ಚಕ್ರ ಹಿಡಿಯುವಂತೆ ಮಾಡಿ, ಈ ಸಲ ರಬ್ಬರ್ ಹೋಸಿಗೆ ಮಾಸ್ಟರ್ ಕಡೆಯಿಂದ ಬಂದು ಸೇರುವ ಪೈಪಿನ ನಟ್ಟನ್ನು ಸಡಿಲಿಸಿ. ಅಲ್ಲಿ ಸಡಿಲಿಸಿದರೂ ಚಕ್ರ ಬಿಡದೆ, ನಿಪ್ಪಲ್ ಬಿಚ್ಚಿದಾಗ ಮಾತ್ರ ಬಿಟ್ಟರೆ ಕಳ್ಳ ಹೋಸಿನೊಳಗೆ ಇದ್ದಾನೆ. ಹೊರಗಿನಿಂದ ಹೋಸ್ ಹೊಚ್ಚ ಹೊಸದರಂತೆ ಕಾಣಬಹುದು. ಒಳಪದರ ಉಬ್ಬಿ ಅಥವಾ ಕಿತ್ತುಬಂದು ಒಂದೇ ದಿಕ್ಕಿನ ಬಾಗಿಲಿನಂತಾಗಿರುತ್ತದೆ. ಪೆಡಲ್ ಒತ್ತಿದ ಬಲಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ, ಶೂ ಸ್ಪ್ರಿಂಗಿನ ಬಲಕ್ಕೆ ಅದನ್ನು ಹಿಂದೆ ತಳ್ಳಲು ಆಗುವುದಿಲ್ಲ. ಓಮ್ನಿಯಂಥ ಹಿಂಬದಿ ಡ್ರೈವ್ ಕಾರುಗಳಲ್ಲಿ ಇಡೀ ಆಕ್ಸಲ್‌ಗೆ ಒಂದೇ ಹೋಸ್ ಇದ್ದರೆ ಎರಡೂ ಚಕ್ರ ಒಟ್ಟಿಗೇ ಹಿಡಿಯುತ್ತವೆ, ಆಗ ಎಲ್ಲರೂ ಶೂಗಳನ್ನು ಬೈಯುತ್ತಾ ಕೂರುತ್ತಾರೆ. ಹೋಸ್ ಬದಲಿಸುವಾಗ ಪೈಪಿನ ಫ್ಲೇರ್ ನಟ್ಟಿಗೆ, ಸಾಮಾನ್ಯವಾಗಿ 10 ಮಿ.ಮೀ., ಸೀಳು ಇರುವ ಫ್ಲೇರ್ ಸ್ಪ್ಯಾನರನ್ನೇ ಬಳಸಿ. ಮಾಮೂಲಿ ಸ್ಪ್ಯಾನರಿನಿಂದ ನಟ್ಟು ಉರುಟಾದರೆ ಪೈಪನ್ನೂ ಬದಲಿಸಬೇಕಾದೀತು.

ಪೈಪಿನ ನಟ್ಟು ಸಡಿಲಿಸಿದಾಗಲೇ ಚಕ್ರ ಬಿಟ್ಟುಕೊಂಡರೆ ದೃಷ್ಟಿ ಮಾಸ್ಟರ್ ಸಿಲಿಂಡರ್ ಕಡೆಗೆ. ಇಲ್ಲಿ ಲಕ್ಷಣ ಬಹಳ ಸ್ಪಷ್ಟ. ಬೆಳಿಗ್ಗೆ ಹೊರಡುವಾಗ ಏನೂ ಇಲ್ಲ, ಓಡಿದಂತೆಲ್ಲ ಪೆಡಲ್ ಮೇಲಕ್ಕೆ ಬಂದು ಗಟ್ಟಿಯಾಗುತ್ತದೆ, ಕಾರು ಹಿಡಿಯುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವವರಿಗೆ ಇದು ನಡುದಾರಿಯಲ್ಲಿ ಕೈಕೊಡುತ್ತದೆ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಬಂದರೆ ಮಾತ್ರ ಒಂದು ಸಣ್ಣ ರಂಧ್ರ ತೆರೆದು, ಬಿಸಿಗೆ ಹಿಗ್ಗಿದ ಆಯಿಲ್ ಮಾಸ್ಟರಿಗೆ ಆಯಿಲ್ ಒದಗಿಸುವ ಡಬ್ಬಿಗೆ ಮರಳುತ್ತದೆ. ರಬ್ಬರ್ ಕಪ್ ಆ ರಂಧ್ರವನ್ನು ಮುಚ್ಚಿಕೊಂಡೇ ಇದ್ದರೆ, ಇಲ್ಲವೇ ಕಸ ಕಟ್ಟಿಕೊಂಡಿದ್ದರೆ, ಹಿಗ್ಗಿದ ಆಯಿಲ್ ಶೂಗಳನ್ನು ಒತ್ತುತ್ತದೆ. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ಬ್ರೇಕ್ ಲೈನ್ ಕರ್ಣದಂತೆ ಹಂಚಿರುವ ಕಾರಿನಲ್ಲಿ ಎಡ ಮುಂಭಾಗ ಮತ್ತು ಬಲ ಹಿಂಭಾಗ ಹೀಗೆ ಜೋಡಿಯಾಗಿ ಬಿಸಿಯಾದರೆ ಗೊಂದಲ ಪಡಬೇಡಿ, ಮಾಸ್ಟರಿನ ಒಂದು ಭಾಗ ಮಾತ್ರ ಕೆಟ್ಟಿದೆ.

ರಂಧ್ರ ತೆರೆದಿದೆಯೇ ಎಂದು ನೋಡಲು ಡಬ್ಬಿಯ ಮುಚ್ಚಳ ತೆಗೆದು, ಒಬ್ಬರಿಗೆ ಪೆಡಲನ್ನು ತೀರಾ ಮೆಲ್ಲಗೆ ಒತ್ತಲು ಹೇಳಿ. ಮೊದಲ ಒಂದೆರಡು ಮಿ.ಮೀ. ಚಲನೆಯಲ್ಲೇ ಡಬ್ಬಿಯೊಳಗೆ ಸಣ್ಣ ಬುಗ್ಗೆ ಎದ್ದರೆ ರಂಧ್ರ ತೆರೆದೇ ಇದೆ. ಬುಗ್ಗೆ ಏಳದಿದ್ದರೆ ಮಾಸ್ಟರ್ ಬಿಚ್ಚುವ ಮೊದಲು ಪೆಡಲಿನ ಹತ್ತಿರ ಬಗ್ಗಿ ನೋಡಿ. ಬ್ರೇಕ್ ಲೈಟ್ ಸ್ವಿಚ್ಚನ್ನು ಹೆಚ್ಚು ಒಳಗೆ ತಿರುಗಿಸಿಟ್ಟರೆ ಪೆಡಲ್ ಪೂರ್ತಿ ಹಿಂದೆ ಬರುವುದೇ ಇಲ್ಲ. ಲೈಟ್ ಉರಿಯುವುದಿಲ್ಲ ಎಂದು ಎಲೆಕ್ಟ್ರಿಷಿಯನ್ ಸ್ವಿಚ್ ತಿರುಗಿಸಿದ ವಾರದಲ್ಲೇ ಬ್ರೇಕ್ ಹಿಡಿಯತೊಡಗಿದರೆ ಬೇರೆಲ್ಲೂ ಹುಡುಕಬೇಡಿ. ಪೆಡಲಿಗೆ ಕೆಲವು ಮಿ.ಮೀ. ಫ್ರೀ ಪ್ಲೇ, ಅಂದರೆ ಒತ್ತಡ ಹುಟ್ಟುವ ಮೊದಲಿನ ಸಡಿಲ ಚಲನೆ, ಇರಲೇಬೇಕು. ಕಾಲಿನ ಬಲ ಹೆಚ್ಚಿಸಿಕೊಡುವ ಬೂಸ್ಟರ್ ಅಥವಾ ಮಾಸ್ಟರ್ ಹೊಸದಾಗಿ ಹಾಕಿದ ಕಾರಾದರೆ ಪುಶ್‌ರಾಡ್ ಉದ್ದವಾಗಿರಬಹುದು. ನಿಂತ ಕಾರಿನಲ್ಲಿ, ಚಕ್ರ ಹಿಡಿದಿರುವಾಗ, ಮಾಸ್ಟರನ್ನು ಬೂಸ್ಟರಿಗೆ ಹಿಡಿದಿರುವ ಎರಡು ನಟ್ಟುಗಳನ್ನು ಒಂದೆರಡು ಮಿ.ಮೀ. ಸಡಿಲಿಸಿದಾಗ ಚಕ್ರ ಬಿಟ್ಟರೆ ರಾಡನ್ನು ಗಿಡ್ಡ ಮಾಡಬೇಕು. ಇದು ಪರೀಕ್ಷೆಗಷ್ಟೇ, ಆ ಸ್ಥಿತಿಯಲ್ಲಿ ಕಾರು ಓಡಿಸುವಂತಿಲ್ಲ.

ಬ್ರೇಕ್ ದ್ರವಕ್ಕೆ 'ಆಯಿಲ್' ಎಂದು ಹೆಸರು ಬಿದ್ದದ್ದೇ ಒಂದು ಅನಾಹುತ. ಡಬ್ಬಿಯಲ್ಲಿ ಕಡಿಮೆ ಕಂಡಾಗ ಯಾರೋ ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಸುರಿಯುತ್ತಾರೆ. ಖನಿಜ ತೈಲ ತಾಗಿದ ಬ್ರೇಕ್ ರಬ್ಬರ್ ನೀರಲ್ಲಿ ನೆನೆಸಿದ ಕಡಲೆಯ ಹಾಗೆ ಉಬ್ಬುತ್ತದೆ. ಮುಚ್ಚಳದೊಳಗಿನ ರಬ್ಬರ್ ದೊಗಳೆಯಾಗಿ, ಸೊಟ್ಟಗಾಗಿ ಕಂಡರೆ ಅನುಮಾನವೇ ಬೇಡ. ಆಗ ಮಾಸ್ಟರ್ ಕಿಟ್, ಎಲ್ಲ ವ್ಹೀಲ್ ಸಿಲಿಂಡರ್, ಮುಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಸೀಲ್, ಹೋಸ್, ಹೀಗೆ ರಬ್ಬರ್ ಇರುವ ಪ್ರತಿಯೊಂದನ್ನೂ ಬದಲಿಸಿ ಪೈಪ್ ತೊಳೆಯಬೇಕು. ಅರ್ಧ ಬದಲಿಸಿ ಉಳಿದರ್ಧ ಬಿಟ್ಟರೆ ದುಡ್ಡು ಹೊಳೆಗೆ ಹಾಕಿದಂತೆ.

ನಿಪ್ಪಲ್ ಬಿಚ್ಚಿದರೂ ಚಕ್ರ ಜಗ್ಗದ ಬಗೆ ನಮ್ಮ ಕಡೆ ಹೆಚ್ಚು. ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಕಡಲಿನ ಉಪ್ಪುಗಾಳಿ, ಕೊಟ್ಟಾರ ಚೌಕಿಯಂಥಲ್ಲಿ ನಿಲ್ಲುವ ನೆರೆನೀರು, ಒಳರಸ್ತೆಯ ಕೆಂಪು ಕೆಸರು, ಪಣಂಬೂರು, ಮಲ್ಪೆ ಕಡೆ ಮರಳಿನವರೆಗೂ ಕಾರು ಇಳಿಸುವ ಉತ್ಸಾಹ. ಎಲ್ಲದರ ಮೊದಲ ಬಲಿ ಹ್ಯಾಂಡ್‌ಬ್ರೇಕ್ ಕೇಬಲ್. ಹೊರಗಿನ ಪ್ಲಾಸ್ಟಿಕ್ ಕವಚ ಒಂದು ಕಡೆ ಸೀಳಿದರೆ ನೀರು ಒಳಹೋಗಿ ತಂತಿ ತುಕ್ಕು ಹಿಡಿದು ದಪ್ಪವಾಗುತ್ತದೆ. ಲಿವರ್ ಎಳೆದರೆ ಬರುತ್ತದೆ, ಬಿಟ್ಟರೆ ಹಿಂದೆ ಹೋಗುವುದಿಲ್ಲ. ಪರೀಕ್ಷೆ ಸುಲಭ: ಲಿವರಿನ ಬುಡದಲ್ಲಿರುವ ಕೇಬಲ್ ಅಡ್ಜಸ್ಟಿಂಗ್ ನಟ್ಟನ್ನು ಪೂರ್ತಿ ಸಡಿಲಿಸಿ. ಚಕ್ರ ಬಿಟ್ಟರೆ ಕೇಬಲ್ ಬಿಗಿಯಾಗಿತ್ತು. ಸಡಿಲಿಸಿದರೂ ಬಿಡದಿದ್ದರೆ ಕಾರಿನಡಿ ಹೋಗಿ ಕೇಬಲಿನ ತುದಿಯನ್ನು ಕೈಯಿಂದ ಡ್ರಮ್ಮಿನ ಕಡೆಗೆ ತಳ್ಳಿ ನೋಡಿ. ಆಗ ಬಿಟ್ಟುಕೊಂಡರೆ ಕೇಬಲ್ ಸತ್ತಿದೆ, ಬದಲಿಸಿ. ಸೀಳಿದ ಕವಚದೊಳಗೆ ಎಣ್ಣೆ ಬಿಡುವುದು ಒಂದು ಮಳೆಗಾಲದ ಅರ್ಧಕ್ಕೆ ಬಂದರೆ ಹೆಚ್ಚು. ಕೈಯಿಂದ ತಳ್ಳಿದರೂ ಬಿಡದಿದ್ದರೆ ಡ್ರಮ್ಮಿನೊಳಗೆ ಶೂವಿಗೆ ಅಂಟಿರುವ ಹ್ಯಾಂಡ್‌ಬ್ರೇಕ್ ಲಿವರಿನ ಪಿನ್ ಜಾಮ್ ಆಗಿರಬಹುದು.

ಕೇಬಲ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ಅತಿ ಹೆಚ್ಚು ಕಾಣುವ ತಪ್ಪು ಇದೇ. ಶೂ ಸವೆದು ಹ್ಯಾಂಡ್‌ಬ್ರೇಕ್ ಮೇಲಕ್ಕೆ ಬರತೊಡಗಿದಾಗ ಕೇಬಲ್ ನಟ್ಟನ್ನು ಬಿಗಿ ಮಾಡಿ ಕೊಡುತ್ತಾರೆ. ಬಿಗಿ ಕೇಬಲ್ ಒಳಗಿನ ಲಿವರನ್ನು ಸ್ವಲ್ಪ ಎಳೆದೇ ಇಟ್ಟಿರುತ್ತದೆ. ಲಿವರ್ ತನ್ನ ಜಾಗಕ್ಕೆ ಮರಳದಿದ್ದರೆ ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ, ಶೂಗಳು ಪೂರ್ತಿ ಒಳಗೆ ಕೂರುವುದಿಲ್ಲ. ಹಾಗಾಗಿ ಪೆಡಲ್ ಕೆಳಗೆ ಹೋಗುತ್ತದೆ, ಚಕ್ರವೂ ಉಜ್ಜುತ್ತದೆ. ಎರಡೂ ಒಟ್ಟಿಗೆ ಬಂದರೆ ಇದನ್ನೇ ಮೊದಲು ಶಂಕಿಸಿ. ಸರಿಯಾದ ಕ್ರಮ ಯಾವತ್ತೂ ಒಂದೇ: ಕೇಬಲ್ ಪೂರ್ತಿ ಲೂಸ್, ಆಮೇಲೆ ಶೂ ಅಡ್ಜಸ್ಟ್, ಆಮೇಲೆ ಪೆಡಲ್ ಹತ್ತಾರು ಸಲ ಒತ್ತುವುದು, ಕಟ್ಟಕಡೆಗೆ ಕೇಬಲ್. ಲಿವರ್ ಎಷ್ಟು ಕ್ಲಿಕ್ಕಿಗೆ ಹಿಡಿಯಬೇಕೆಂದು ಕಾರಿನ ಪುಸ್ತಕದಲ್ಲಿರುತ್ತದೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ 4ರಿಂದ 8ರೊಳಗೆ ಬಂದರೆ ಸಾಕು. ಎರಡೇ ಕ್ಲಿಕ್ಕಿಗೆ ಕಲ್ಲಿನಂತೆ ಹಿಡಿದರೆ ಖುಷಿ ಪಡಬೇಡಿ.

ಡ್ರಮ್ ಬಿಚ್ಚುವಾಗ ಸುತ್ತಿಗೆ ಎತ್ತುವ ಮೊದಲು ಶೂಗಳನ್ನು ಒಳಕ್ಕೆ ತಂದುಕೊಳ್ಳಿ. ಕೇಬಲ್ ಲೂಸ್ ಮಾಡಿ, ಬ್ಯಾಕ್ ಪ್ಲೇಟಿನ ರಬ್ಬರ್ ಬಿರಡೆ ತೆಗೆದು ಒಳಗಿನ ಅಡ್ಜಸ್ಟರನ್ನೋ ಲಿವರನ್ನೋ ಸ್ಕ್ರೂಡ್ರೈವರಿನಿಂದ ಬಿಡಿಸಿ. ಸವೆದ ಡ್ರಮ್ಮಿನ ಅಂಚಿನಲ್ಲಿ ಏಳುವ ಏಣು ಶೂವಿಗೆ ಸಿಕ್ಕಿಕೊಳ್ಳುವುದರಿಂದಲೇ ಹೆಚ್ಚಾಗಿ ಡ್ರಮ್ ಬರದಿರುವುದು. ಕೆಲವು ಡ್ರಮ್ಮುಗಳಲ್ಲಿ 8 ಮಿ.ಮೀ. ಬೋಲ್ಟ್ ಹಾಕುವ ಎರಡು ತೂತು ಇರುತ್ತವೆ. ಎರಡನ್ನೂ ಸರದಿಯಂತೆ ಕಾಲು ಸುತ್ತು ಬಿಗಿ ಮಾಡುತ್ತಾ ಹೋದರೆ ಡ್ರಮ್ ತಾನೇ ಎದ್ದು ಬರುತ್ತದೆ. ಬೇರಿಂಗ್ ಡ್ರಮ್ಮಿನೊಳಗೇ ಇರುವ ಕಾರಿನಲ್ಲಿ ನಡುವಿನ ನಟ್ಟು ಬಿಚ್ಚಬೇಕು, ಜೋಡಿಸುವಾಗ ಹೊಸ ಸ್ಪ್ಲಿಟ್ ಪಿನ್ ಅಥವಾ ಹೊಸ ನಟ್ಟು ಹಾಕಬೇಕು.

ಒಳಗಿನ ಪುಡಿಗೆ ಕಂಪ್ರೆಸರ್ ಗಾಳಿ ಹೊಡೆಯುವುದನ್ನು ದಯವಿಟ್ಟು ಬಿಡಿ, ಮಾರಾಯ್ರೆ. ಶೂವಿನ ಮೇಲಿನ ಉಜ್ಜುವ ಪದರಕ್ಕೆ ಲೈನಿಂಗ್ ಎನ್ನುತ್ತಾರೆ; ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಉಂಟು. ನೀರು ಅಥವಾ ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ. ಡ್ರಮ್ ಹೊರಗಿರುವಾಗ ಪೆಡಲ್ ಒತ್ತದಂತೆ ಮನೆಯವರಿಗೆ ಹೇಳಿಡಿ, ಪಿಸ್ಟನ್ ಹಾರಿ ಹೊರಬರುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಒಮ್ಮೆಗೆ ಒಂದೇ ಬದಿ ಬಿಚ್ಚಿ. ಮರೆತರೆ ಇನ್ನೊಂದು ಬದಿಯನ್ನು ನೋಡಿ ಜೋಡಿಸಬಹುದು. ಎಡಬಲದ ಅಡ್ಜಸ್ಟರುಗಳು ಅದಲು ಬದಲಾಗಬಾರದು, ಅದಲು ಬದಲಾದರೆ ಹೊಂದಿಕೊಳ್ಳಬೇಕಾದಾಗ ಹೊಂದಿಕೊಳ್ಳುವುದಿಲ್ಲ.

ಒಳಗೆ ಮೊದಲು ನೋಡಬೇಕಾದ್ದು ರಿಟರ್ನ್ ಸ್ಪ್ರಿಂಗ್. ಬಿಚ್ಚಿಟ್ಟಾಗ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ನಡುವೆ ಬೆಳಕು ಕಂಡರೆ, ಶಾಖಕ್ಕೆ ನೀಲಿಯಾಗಿದ್ದರೆ ಎಸೆಯಿರಿ. ಆಮೇಲೆ ಬ್ಯಾಕ್ ಪ್ಲೇಟಿನಲ್ಲಿ ಶೂ ಜಾರುವ ಉಬ್ಬು ಜಾಗಗಳು, ಸಾಮಾನ್ಯವಾಗಿ ಒಂದು ಶೂವಿಗೆ ಮೂರು. ಇವನ್ನು ಯಾರೂ ನೋಡುವುದಿಲ್ಲ. ವರ್ಷಾನುಗಟ್ಟಲೆ ಶೂವಿನ ಅಂಚು ಉಜ್ಜಿ ಅಲ್ಲಿ ಗೀರು ಬಿದ್ದಿರುತ್ತದೆ. ಬ್ರೇಕ್ ಒತ್ತಿದಾಗ ಹೊರಬಂದ ಶೂ ಮರಳುವಾಗ ಆ ಗೀರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲವನ್ನೂ ಹೊಸದು ಹಾಕಿದರೂ ಬ್ರೇಕ್ ಹಿಡಿಯುತ್ತಿದ್ದರೆ ಬೆರಳು ಸವರಿ ನೋಡಬೇಕಾದ್ದು ಇಲ್ಲಿ. ಸಣ್ಣ ಗೀರಾದರೆ ಅರ ಹಾಕಿ ನುಣುಪು ಮಾಡಿ, ಆಳವಾಗಿದ್ದರೆ ವೆಲ್ಡಿಂಗ್ ತುಂಬಿಸಿ ಅರ ಹಾಕಿ. ಪ್ರತಿ ಉಬ್ಬಿಗೂ ಹೆಚ್ಚು ಶಾಖ ತಡೆಯುವ ಬ್ರೇಕ್ ಗ್ರೀಸ್ ಸಾಸಿವೆ ಕಾಳಿನಷ್ಟು ಸಾಕು. ಬೇರಿಂಗ್ ಗ್ರೀಸ್ ಬೇಡ, ಕರಗಿ ಲೈನಿಂಗಿಗೆ ಇಳಿಯುತ್ತದೆ.

ವ್ಹೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಯನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ತುಸು ಪಸೆ ಇದ್ದರೆ ಪರವಾಗಿಲ್ಲ, ಆಯಿಲ್ ಇಳಿದರೆ ಸೋರುತ್ತಿದೆ. ಎರಡು ಪಿಸ್ಟನ್ನಿನಲ್ಲಿ ಒಂದು ಹೆಬ್ಬೆರಳಿಗೆ ಜಗ್ಗದಿದ್ದರೆ ಅದೇ ಜಾಮ್. ಟೊಪ್ಪಿಯ ಹಿಂದೆ ನೀರು ಸೇರಿ ತುಕ್ಕು ಉಬ್ಬಿರುತ್ತದೆ. ಎಮರಿ ಕಾಗದ ಉಜ್ಜಿ ಒಳಗಿನ ರಬ್ಬರ್ ಕಿಟ್ ಬದಲಿಸುವುದು ಘಟ್ಟದ ಮೇಲಿನ ಕಾರಿಗೆ ಆದೀತು. ಇಲ್ಲಿನ ಉಪ್ಪುಗಾಳಿಗೆ ಒಮ್ಮೆ ಗುಳಿಬಿದ್ದ ಸಿಲಿಂಡರಿಗೆ ಹೊಸ ಕಿಟ್ ಹಾಕಿದರೆ ಆರೇ ತಿಂಗಳಲ್ಲಿ ಸೋರುತ್ತದೆ. ಇಡೀ ಸಿಲಿಂಡರ್ ಬದಲಿಸಿ, ಎರಡೂ ಬದಿ ಒಟ್ಟಿಗೆ, ಹಳೆಯದರ ಒಳವ್ಯಾಸದ್ದೇ. ಅಂಗಡಿಯಲ್ಲಿ 'ಇದೂ ಕೂರುತ್ತದೆ' ಎಂದು ದೊಡ್ಡ ವ್ಯಾಸದ್ದನ್ನು ಕೊಟ್ಟರೆ ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲೇ ಲಾಕ್ ಆಗತೊಡಗುತ್ತದೆ.

ಲಾಕ್ ಆಗುವ ದೂರಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಯಾವಾಗ? ಬೆಳಿಗ್ಗೆಯ ಮೊದಲ ಒಂದೆರಡು ಬ್ರೇಕಿಗೆ ಮಾತ್ರ ಕಚ್ಚಿ ಆಮೇಲೆ ಸರಿಯಾದರೆ ರಾತ್ರಿಯ ತೇವಕ್ಕೆ ಡ್ರಮ್ ಮೇಲೆ ಕೂತ ತೆಳು ತುಕ್ಕು. ಮಳೆಗಾಲದಲ್ಲಿ ಇದು ಇದ್ದದ್ದೇ, ಬಿಚ್ಚಬೇಡಿ. ಇಡೀ ದಿನ ಒಂದೇ ಚಕ್ರ ಕಚ್ಚುತ್ತಿದ್ದರೆ ಲೈನಿಂಗಿಗೆ ಎಣ್ಣೆ ತಾಗಿದೆ. ಎಣ್ಣೆ ತಾಗಿದರೆ ಜಾರಬೇಕಲ್ಲವೇ ಎಂದು ಕೇಳುವವರಿದ್ದಾರೆ. ಪೂರ್ತಿ ನೆನೆದರೆ ಜಾರುತ್ತದೆ ನಿಜ, ಆದರೆ ಅರೆಬರೆ ನೆನೆದು ಬಿಸಿಯಾದ ಲೈನಿಂಗ್ ಅಂಟಂಟಾಗಿ ಡ್ರಮ್ಮನ್ನು ಕಚ್ಚುತ್ತದೆ. ಮುಂದಿನ ಶೂವನ್ನು ಚಕ್ರದ ತಿರುಗುವಿಕೆಯೇ ಡ್ರಮ್ಮಿನೊಳಕ್ಕೆ ಇನ್ನಷ್ಟು ಸಿಕ್ಕಿಸುವುದರಿಂದ ಸಣ್ಣ ಅಂಟೂ ದೊಡ್ಡ ಲಾಕ್ ಆಗುತ್ತದೆ. ಎಣ್ಣೆ ವ್ಹೀಲ್ ಸಿಲಿಂಡರಿನದೋ, ಓಮ್ನಿ, ಅಂಬಾಸಿಡರಿನಲ್ಲಾದರೆ ಆಕ್ಸಲ್ ಸೀಲಿನಿಂದ ಬಂದ ಗೇರ್ ಆಯಿಲೋ ಮೂಸಿದರೆ ಗೊತ್ತಾಗುತ್ತದೆ, ಗೇರ್ ಆಯಿಲಿಗೆ ಗಂಧಕದ ನಾತ. ಸೋರಿಕೆ ನಿಲ್ಲಿಸಿ ನಾಲ್ಕೂ ಶೂ ಹೊಸದು ಹಾಕಿ. ಪೆಟ್ರೋಲ್ ಸುರಿದು ಬೆಂಕಿ ಹಚ್ಚಿ ಎಣ್ಣೆ ಸುಡುವ ಕಸರತ್ತಿನಿಂದ ಒಳಗಿಳಿದ ಎಣ್ಣೆ ಹೋಗುವುದಿಲ್ಲ, ಲೈನಿಂಗಿನ ಅಂಟು ಮಾತ್ರ ಸಡಿಲುತ್ತದೆ.

ಎರಡೂ ಹಿಂಚಕ್ರ ಲಾಕ್ ಆಗುತ್ತಿದ್ದು ಒಳಗೆ ಎಲ್ಲ ಒಣಗಿ ಚೊಕ್ಕಟವಾಗಿದ್ದರೆ ಮುಂದಿನ ಬ್ರೇಕನ್ನು ನೋಡಿ. ಮುಂದಿನ ಕ್ಯಾಲಿಪರ್ ಜಾಮ್ ಆಗಿ ಕೆಲಸ ಮಾಡದಿದ್ದಾಗ ನಾವು ಅರಿವಿಲ್ಲದೆ ಪೆಡಲನ್ನು ಜೋರಾಗಿ ಒತ್ತುತ್ತೇವೆ, ಹಗುರವಾದ ಹಿಂಭಾಗ ಲಾಕ್ ಆಗುತ್ತದೆ. ಹಿಂದಿನ ಆಕ್ಸಲ್ ಬಳಿ ಭಾರಕ್ಕೆ ತಕ್ಕಂತೆ ಒತ್ತಡ ಹೊಂದಿಸುವ ವಾಲ್ವ್ ಇರುವ ಕಾರಾದರೆ ಅದರ ಸ್ಪ್ರಿಂಗ್ ಮತ್ತು ಕೊಂಡಿ ತುಕ್ಕು ಹಿಡಿದು ನಿಂತಿವೆಯೇ ಎಂದೂ ನೋಡಬೇಕು.

ಡ್ರಮ್ ಅಂಡಾಕಾರವಾಗಿದ್ದರೆ ಚಕ್ರ ಒಂದು ಸುತ್ತಿನಲ್ಲಿ ಒಂದೇ ಕಡೆ ಉಜ್ಜುತ್ತದೆ. ಲೇತಿನಲ್ಲಿ ಟರ್ನಿಂಗ್ ಮಾಡಿಸಬಹುದು, ಆದರೆ ಡ್ರಮ್ ಮೇಲೆ ಅಚ್ಚೊತ್ತಿರುವ ಗರಿಷ್ಠ ಒಳವ್ಯಾಸ ಮೀರಿದರೆ ಗುಜರಿಗೆ. ಲೈನಿಂಗ್ ಮಾತ್ರ ಅಳೆದು 1 ಮಿ.ಮೀ. ಹತ್ತಿರ ಬಂದಿದ್ದರೆ ಶೂ ಮುಗಿಯಿತು. ಜೋಡಿಸಿದ ಮೇಲೆ ಶೂಗಳ ಹೊರವ್ಯಾಸ ಡ್ರಮ್ಮಿನ ಒಳವ್ಯಾಸಕ್ಕಿಂತ ಅರ್ಧ ಮಿ.ಮೀ. ಆಸುಪಾಸು ಕಡಿಮೆ ಇರುವಂತೆ ಅಡ್ಜಸ್ಟರ್ ಹೊಂದಿಸಿ. ಡ್ರಮ್ ಹಾಕಿ ಪೆಡಲ್ ಒತ್ತಿ ಬಿಟ್ಟು ಕೈಯಿಂದ ತಿರುಗಿಸಿದಾಗ ಪಿಸುಮಾತಿನಂಥ ಸದ್ದು ಇರಬಹುದು, ತಡೆ ಇರಕೂಡದು.

ಆಯಿಲ್ ಡಾಟ್ 3 ಅಥವಾ ಡಾಟ್ 4, ಮುಚ್ಚಳದ ಮೇಲೆ ಬರೆದದ್ದು. ಸಿಲಿಕಾನ್ ಡಾಟ್ 5 ಬೆರೆಸಬಾರದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ನೀರು ಹೀರಿಕೊಂಡಾಗ ಅದು 140ಕ್ಕೆ ಇಳಿಯಬಹುದು. ಡಾಟ್ 4ರಲ್ಲಿ 230 ಮತ್ತು 155. ನಮ್ಮ ಗಾಳಿಯ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬೇಡಿ, ಅರ್ಧ ಬಳಸಿಟ್ಟ ಹಳೆಯ ಬಾಟಲಿ ಬಳಸಬೇಡಿ. ಹಿಂದಿನ ಎರಡು ಸಿಲಿಂಡರ್ ಬದಲಿಸಿ ಏರ್ ತೆಗೆಯಲು ಅರ್ಧ ಲೀಟರ್ ಸಾಕು, ಇಡೀ ಲೈನ್ ತೊಳೆಯಲು ಒಂದು ಲೀಟರ್ ಇಟ್ಟುಕೊಳ್ಳಿ. ಪೈಂಟ್ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ.

ಏನೂ ಕೆಡದೆಯೇ ಚಕ್ರ ಹಿಡಿಯುವುದೂ ಉಂಟು. ಒದ್ದೆ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆದು ಎರಡು ಮೂರು ದಿನ ಬಿಟ್ಟರೆ ಲೈನಿಂಗ್ ತುಕ್ಕಿನಲ್ಲಿ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಎಕ್ಸಲೇಟರ್ ಒತ್ತಿ ಕೀಳಲು ಹೋದರೆ ಲೈನಿಂಗ್ ಶೂವಿನಿಂದ ಕಿತ್ತು ಒಳಗೇ ಸಿಕ್ಕಿಕೊಂಡೀತು. ರಿವರ್ಸ್, ಫಸ್ಟ್, ರಿವರ್ಸ್ ಎಂದು ಮೆಲ್ಲಗೆ ಅಲ್ಲಾಡಿಸಿ. ಬಿಡದಿದ್ದರೆ ಚಕ್ರ ಕಳಚಿ, ಡ್ರಮ್ಮಿನ ಅಂಚಿಗೆ ಮರದ ತುಂಡು ಇಟ್ಟು ಸುತ್ತಲೂ ತಟ್ಟಿ. ಕಾರು ತೊಳೆದ ಮೇಲೆ ಅಥವಾ ನೀರು ದಾಟಿ ಬಂದ ಮೇಲೆ ನಿಲ್ಲಿಸುವ ಮೊದಲು ಕೊನೆಯ ಅರ್ಧ ಕಿಲೋಮೀಟರ್ ಪೆಡಲನ್ನು ಆಗಾಗ ಮೆಲ್ಲಗೆ ಒತ್ತಿ ಡ್ರಮ್ ಒಣಗಿಸಿಕೊಳ್ಳಿ. ಮನೆ ಸಮತಟ್ಟಾದ ಅಂಗಳದಲ್ಲಿದ್ದರೆ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟೇ ಇಡಿ. ಕದ್ರಿ, ಬಲ್ಮಠ, ಮಣಿಪಾಲದಂಥ ಏರು ರಸ್ತೆಯಲ್ಲಿ ಮಾತ್ರ ಹ್ಯಾಂಡ್‌ಬ್ರೇಕ್, ಗೇರು, ಅಡ್ಡ ಮೂರೂ ಬೇಕು, ಮುಂದಿನ ಚಕ್ರ ರಸ್ತೆಯ ಅಂಚಿಗೆ ತಿರುಗಿರಬೇಕು. ಗಲ್ಫಿಗೋ ಮುಂಬೈಗೋ ಹೋಗುವವರು ಮನೆಯಲ್ಲಿ ಉಳಿದವರಿಗೆ ಹದಿನೈದು ದಿನಕ್ಕೊಮ್ಮೆ ಕಾರನ್ನು ಗೇಟಿನವರೆಗಾದರೂ ಹಿಂದೆ ಮುಂದೆ ಮಾಡಿ, ಪೆಡಲ್ ಇಪ್ಪತ್ತು ಸಲ ಒತ್ತಿ, ಹ್ಯಾಂಡ್‌ಬ್ರೇಕ್ ಐದಾರು ಸಲ ಎಳೆದು ಬಿಡಲು ಹೇಳಿ ಹೋಗಿ.